ಅತಿ ಬೊಜ್ಜಿಗೆ ನಿಂದೆಯಲ್ಲ, ಚಿಕಿತ್ಸೆ ಬೇಕು

ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ನಾನು ಮಿತಾಹಾರದ ಕುರಿತು ಮಾತನಾಡಿದ್ದೆ. ಹೊಟ್ಟೆಯನ್ನು ಆಹಾರಕ್ಕೆ, ನೀರಿಗೆ, ಉಸಿರಿಗೆ ಎಂದು ಮೂರು ಪಾಲು ಮಾಡಿಕೊಳ್ಳುವ ಪ್ರವಾದಿ(ಸ)ರವರ ಬೋಧನೆಯನ್ನು ವಿವರಿಸುತ್ತಾ, ಬೊಜ್ಜಿಗೆ ಹೊಟ್ಟೆಬಾಕತನವೊಂದೇ ಕಾರಣವೆಂದು ಆವೇಶದಲ್ಲಿ ಹೇಳಿಬಿಟ್ಟೆ. ಕೊನೆಯ ಸಫ್‌ನಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಝ್ ನಿರ್ವಹಿಸುತ್ತಿದ್ದ ಭಾರೀ ದೇಹದ ಸಹೋದರರೊಬ್ಬರು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅವರು ಬೇರೆ ಮಸೀದಿಗೆ ಹೋಗತೊಡಗಿದ್ದಾರೆಂದು ಅವರ ಪತ್ನಿ ನನ್ನ ಮನೆಯವರಲ್ಲಿ ಹೇಳಿದರಂತೆ. ಹತ್ತು ವರ್ಷಗಳಲ್ಲಿ ಅವರು ನಾಲ್ಕು ಬಾರಿ ಪಥ್ಯ ಹಿಡಿದು ತೂಕ ಇಳಿಸಿದ್ದರು. ನಾಲ್ಕು ಬಾರಿಯೂ ತೂಕ ಮರಳಿತ್ತು. ನಾನು ಹೇಳಿದ ಹದೀಸ್ ಸರಿ, ಅದನ್ನು ಪ್ರಯೋಗಿಸಿದ ರೀತಿ ತಪ್ಪು.

ತೀವ್ರ ಬೊಜ್ಜು ಒಂದು ರೋಗ. ಆಹಾರವನ್ನು ತೀರಾ ಕಡಿಮೆ ಮಾಡಿದಾಗ ದೇಹವು ಅದನ್ನು ಬರಗಾಲವೆಂದು ಭಾವಿಸಿ, ಹಸಿವೆಯ ಹಾರ್ಮೋನನ್ನು ಹೆಚ್ಚಿಸುತ್ತದೆ, ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಹೀಗೆ ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ಹೆಣಗುತ್ತದೆ. ಐದಾರು ಕಿಲೋ ಇಳಿಸಬೇಕಾದವನಿಗೆ ನಡಿಗೆ ಮತ್ತು ಮಿತಾಹಾರ ಸಾಕಾದೀತು. ಐವತ್ತು ಕಿಲೋ ಹೆಚ್ಚು ಹೊತ್ತವರಿಗೆ ಅವುಗಳಿಂದಲೇ ಶಾಶ್ವತ ಪರಿಹಾರ ದೊರೆಯುವುದು ಅಪರೂಪ. ಅಂಥವರಿಗಾಗಿಯೇ ಶಸ್ತ್ರಚಿಕಿತ್ಸೆ ಇರುವುದು.

ಇಂದು ಹೆಚ್ಚು ಬಳಕೆಯಲ್ಲಿರುವ ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯ ಆಕಾರದ ಕೊಳವೆಯಂತೆ ಮಾಡುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ರಚಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಿಡಿಯುವ ಆಹಾರ ಕಡಿಮೆಯಾಗುವುದಷ್ಟೇ ಇದರ ಪರಿಣಾಮವಲ್ಲ. ಹಸಿವೆ, ತೃಪ್ತಿಗಳ ಹಾರ್ಮೋನುಗಳೇ ಬದಲಾಗುತ್ತವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ತೂಕ ಗಣನೀಯವಾಗಿ ಇಳಿಯುವ ಮುನ್ನವೇ ರಕ್ತದ ಸಕ್ಕರೆ ತಗ್ಗುವುದುಂಟು.

1987ರಲ್ಲಿ ಸ್ವೀಡನ್‌ನಲ್ಲಿ ಆರಂಭವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಪಡೆದವರು ಮತ್ತು ಪಡೆಯದವರು ಸೇರಿ ಸುಮಾರು 4,000 ಮಂದಿಯನ್ನು ದೀರ್ಘಕಾಲ ಗಮನಿಸಿತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವಿನ ಅಪಾಯ ಸುಮಾರು ನಾಲ್ಕನೆಯ ಒಂದರಷ್ಟು ಕಡಿಮೆ ಇತ್ತೆಂದು 2007ರ ಅದರ ವರದಿ ತಿಳಿಸಿತು. ಅವರಲ್ಲಿದ್ದ ಸಕ್ಕರೆ ಕಾಯಿಲೆಯವರ ಪೈಕಿ ಶೇ. 72ರಷ್ಟು ಮಂದಿ ಎರಡು ವರ್ಷಗಳ ನಂತರ ರೋಗಮುಕ್ತರಾಗಿದ್ದರು. ಹತ್ತನೆಯ ವರ್ಷಕ್ಕೆ ಈ ಪ್ರಮಾಣ ಶೇ. 36ಕ್ಕೆ ಇಳಿಯಿತು ಎಂಬುದನ್ನೂ ಮುಚ್ಚಿಡಬಾರದು, ಇದು ಮಾಯಾಜಾಲವಲ್ಲ. ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಯಕೃತ್ತಿನ ಕೊಬ್ಬು, ಮೊಣಕಾಲು ನೋವು ಇವೆಲ್ಲ ಕಡಿಮೆಯಾಗುವ ಸಾಧ್ಯತೆ ಅಧಿಕ.

ಅಲ್ಲಾಹನು ಕೊಟ್ಟ ಅಂಗವನ್ನು ಕತ್ತರಿಸಿ ತೆಗೆಯುವುದು ಅವನ ಸೃಷ್ಟಿಯಲ್ಲಿ ಹಸ್ತಕ್ಷೇಪವಲ್ಲವೇ ಎಂದು ಕೆಲವರು ಪ್ರಶ್ನಿಸುತ್ತಾರೆ. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಹಾನಿಯ ನಿವಾರಣೆಗಾಗಿ ಮಾಡುವ ಚಿಕಿತ್ಸೆಗೂ ಬರಿಯ ಸೌಂದರ್ಯಕ್ಕಾಗಿ ಮಾಡುವ ಬದಲಾವಣೆಗೂ ವಿದ್ವಾಂಸರು ಅಂತರ ಗುರುತಿಸಿದ್ದಾರೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಬೆಳ್ಳಿಯ ಮೂಗು ಹಾಕಿಸಿಕೊಂಡರು. ಅದು ದುರ್ವಾಸನೆ ಬೀರತೊಡಗಿದಾಗ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ)ರವರು ಸೂಚಿಸಿದರು. ಪುರುಷರಿಗೆ ನಿಷಿದ್ಧವಾದ ಚಿನ್ನವೂ ಅಲ್ಲಿ ಅಗತ್ಯಕ್ಕಾಗಿ ಅನುಮತಿಸಲ್ಪಟ್ಟಿತು. ದೇಹ ಅಮಾನತ್ ಎನ್ನುವ ನಾವು, ಅದನ್ನು ಉಳಿಸಿಕೊಳ್ಳಲು ಹೊರಟವರನ್ನು ತಡೆಯುವುದು ಯಾವ ನ್ಯಾಯ? ಆದರೆ ಮದುವೆಯ ಫೋಟೋಗೋಸ್ಕರ ಹತ್ತು ಕಿಲೋ ಇಳಿಸಲು ಬಯಸುವವರ ವಿಷಯವನ್ನು ನಾನಿಲ್ಲಿ ಹೇಳುತ್ತಿಲ್ಲ.

ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ದೊರೆಯುತ್ತದೆ. ಅದು 37.5 ದಾಟಿದ, ಇಲ್ಲವೇ ಸಕ್ಕರೆ ಕಾಯಿಲೆಯಂಥ ತೊಡಕಿನೊಡನೆ 32.5 ದಾಟಿದ ಭಾರತೀಯರಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುತ್ತಾ ಬಂದಿದ್ದಾರೆ. ಐದು ಅಡಿ ಮೂರು ಅಂಗುಲ ಎತ್ತರದ ಮಹಿಳೆಗೆ 37.5 ಎಂದರೆ 96 ಕಿಲೋ. ಆರೋಗ್ಯ ವಿಮೆಯವರ ಲೆಕ್ಕ ಇನ್ನೂ ಬಿಗಿ: 40, ಅಥವಾ ಗಂಭೀರ ಕಾಯಿಲೆಯೊಂದಿಗೆ 35.

ಶಸ್ತ್ರಚಿಕಿತ್ಸೆ ಸುಲಭದ ದಾರಿಯೆಂದು ಯಾರೂ ಭಾವಿಸದಿರಲಿ. ಸೋರಿಕೆ, ರಕ್ತಸ್ರಾವದ ಅಪಾಯ ಸಣ್ಣದಾದರೂ ಇದ್ದೇ ಇದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಪೂರಕಗಳು ಮತ್ತು ರಕ್ತಪರೀಕ್ಷೆ ಬದುಕಿನುದ್ದಕ್ಕೂ ಬೇಕು. ಮಹಿಳೆಯರು ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆಯನ್ನು ಮುಂದೂಡಬೇಕು. ಈ ಮಾತನ್ನು ಅತ್ತೆಯಂದಿರೂ ಕೇಳಿಸಿಕೊಳ್ಳಬೇಕು. ರಮಝಾನಿನ ಸಮಸ್ಯೆ ಬೇರೆಯೇ. ಪುಟ್ಟ ಜಠರ ಒಂದೇ ಉಸಿರಿಗೆ ಎರಡು ಲೋಟ ನೀರು ಹಿಡಿಯದು. ಬೈಪಾಸ್ ಆದವರು ಇಫ್ತಾರಿನಲ್ಲಿ ಮೂರು ಖರ್ಜೂರದ ಮೇಲೆ ಸಿಹಿ ಶರಬತ್ತು ಕುಡಿದರೆ ಬೆವತು, ಎದೆ ಬಡಿದು, ತಲೆ ಸುತ್ತಿ ಕುಸಿಯಲೂಬಹುದು. ವಲೀಮಾದಲ್ಲಿ ತಟ್ಟೆಗೆ ಮತ್ತೊಂದು ಸೌಟು ಬಿರಿಯಾನಿ ಸುರಿದು "ಇಷ್ಟೇನಾ?" ಎಂದು ಒತ್ತಾಯಿಸುವ ನಮ್ಮ ಆತಿಥ್ಯ ಅವರ ಪಾಲಿಗೆ ಹಿಂಸೆ.

ಆ ಸಹೋದರರು ಕಳೆದ ವರ್ಷ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮೊಣಕಾಲು ಪೂರ್ತಿ ಗುಣವಾಗಿಲ್ಲ, ಕುರ್ಚಿ ಇನ್ನೂ ಬೇಕು. ಇನ್ಸುಲಿನ್ ಮಾತ್ರ ನಿಂತಿದೆ. ನಾನು ಅವರ ಮನೆಗೆ ಹೋಗಿ ಅಂದಿನ ಮಾತಿಗೆ ಕ್ಷಮೆ ಕೇಳಿದೆ. "ಅದಿರಲಿ ಉಸ್ತಾದರೇ, ಈ ಸಲ ಉಪವಾಸ ಹಿಡಿಯಬಹುದೇ ಹೇಳಿ" ಎಂದರು. ಮೊದಲು ವೈದ್ಯರನ್ನು ಕೇಳಿ ಬನ್ನಿ, ಆಮೇಲೆ ನಾನು ಹೇಳುತ್ತೇನೆ ಎಂದೆ.