ಲೇಖನಿಯಿಂದ ಪ್ರಚಾರಪೀಠಕ್ಕೆ

ಪತ್ರಿಕೆಗಳಲ್ಲಿ ಹತ್ತಾರು ವರ್ಷ ದುಡಿದವರು ಆ ಕೆಲಸವನ್ನು ಬಿಟ್ಟು ಸರಕಾರದ ವಾರ್ತಾ ಇಲಾಖೆಗೋ ದೊಡ್ಡ ಸಂಸ್ಥೆಗಳ ಸಾರ್ವಜನಿಕ ಸಂಪರ್ಕದ ಹುದ್ದೆಗೋ ಹೋಗುವದು ಈಗ ಸಾಮಾನ್ಯದ ಮಾತಾಗಿರುವದು. ಸಂಬಳ ಹೆಚ್ಚು, ಜಂಜಾಟ ಕಡಿಮೆ. ಸಂಸಾರಸ್ಥನನ್ನು ಇದಕ್ಕಾಗಿ ದೂರುವದು ನ್ಯಾಯವಲ್ಲ. ಆದರೆ ಹಾಗೆ ಹೋದವನಿಂದ ನಾಡಿಗೆ ಏನು ಸಲ್ಲಬೇಕೆಂದು ಕೇಳುವವರೇ ಇಲ್ಲವಾಗಿರುವದು ನಮಗೆ ವಿಷಾದಕರವಾಗಿ ತೋರುತ್ತದೆ.

ಈ ದಾರಿಯನ್ನು ತುಳಿದವರಲ್ಲಿ ಧಾರವಾಡದ ಶ್ರೀ ರಂಗನಾಥ ರಾಮಚಂದ್ರ ದಿವಾಕರರು ಅಗ್ರಗಣ್ಯರು. 1921ರಲ್ಲಿ 'ಕರ್ಮವೀರ'ವನ್ನು ಹೊರಡಿಸಿ, ಲೋಕಶಿಕ್ಷಣ ಟ್ರಸ್ಟಿನ ಮೂಲಕ 'ಸಂಯುಕ್ತ ಕರ್ನಾಟಕ'ವನ್ನು ನೆಲೆಗೊಳಿಸಿದವರಲ್ಲಿ ಒಬ್ಬರಾಗಿ, ನಡುನಡುವೆ ಸೆರೆಮನೆಯನ್ನೂ ಕಂಡ ಬಾಳು ಅವರದು. ಭೂಕಂದಾಯವನ್ನು ಕೊಡೆವೆಂದು ನಿಂತು ಮನೆಮಾರು ಕಳೆದುಕೊಂಡ ರೈತರ ಸಂಗತಿಯನ್ನು ಅವರು 'ಕರನಿರಾಕರಣೆಯ ವೀರಕಥೆ'ಯಲ್ಲಿ ಬರೆದಿಟ್ಟರು. ಆ ಹೋರಾಟವು ಅಂಕೋಲೆ, ಸಿದ್ದಾಪುರಗಳಲ್ಲಿ ಮಾತ್ರವಲ್ಲ, ಹಾನಗಲ್ಲಿನ ನೆರೆಯ ಹಿರೇಕೆರೂರು ತಾಲೂಕಿನಲ್ಲಿಯೂ ನಡೆದಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದೇ ಲೇಖನಿಯವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾಗಿ ಆಕಾಶವಾಣಿಯ ಹೊಣೆಯನ್ನು ಹೊತ್ತರು. ಅನಂತರ 1952ರಿಂದ 1957ರ ವರೆಗೆ ಬಿಹಾರದ ರಾಜ್ಯಪಾಲರು. ಮುಂದೆ ಗಾಂಧಿ ಸ್ಮಾರಕ ನಿಧಿ, ಗಾಂಧಿ ಶಾಂತಿ ಪ್ರತಿಷ್ಠಾನಗಳ ಸೇವೆ. 1990ರಲ್ಲಿ ತೀರಿಕೊಳ್ಳುವ ವರೆಗೂ ಅವರು ಸಾರ್ವಜನಿಕ ಕಾರ್ಯದಿಂದ ದೂರವಾದವರಲ್ಲ.

ಇಷ್ಟು ಹೇಳಿ ಕೈಮುಗಿದು ಬಿಡುವದು ಸುಲಭ. ಆದರೆ ಆ ಪೀಠದಲ್ಲಿ ಕುಳಿತವರಿಗೆ ಒದಗುವ ಇಕ್ಕಟ್ಟನ್ನು ನಾವು ಮರೆಮಾಚಲಾರೆವು. 1950ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 'ಕ್ರಾಸ್ ರೋಡ್ಸ್' ಮತ್ತು 'ಆರ್ಗನೈಸರ್' ಪತ್ರಿಕೆಗಳ ಪರವಾಗಿ ತೀರ್ಪು ಕೊಟ್ಟಿತು. ಮರುವರ್ಷ ಜೂನಿನಲ್ಲಿ ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯಾಗಿ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಹೊಸ ಕಾರಣಗಳ ಮೇಲೆ ವಾಕ್ ಸ್ವಾತಂತ್ರ್ಯಕ್ಕೆ ಕಟ್ಟು ಹಾಕುವ ಅಧಿಕಾರವು ಸರಕಾರಕ್ಕೆ ದೊರೆಯಿತು. ಆಗ ವಾರ್ತಾ ಖಾತೆಯಲ್ಲಿದ್ದವರು ದಿವಾಕರರೇ. ಮಂತ್ರಿಮಂಡಲದ ಹೊಣೆಯು ಸಾಮೂಹಿಕವಾದದ್ದು. ಅದರಲ್ಲಿ ಅವರ ಪಾಲೂ ಇರುವದು. ಪರಸರಕಾರದ ಕಟ್ಟಳೆಯಿಂದ ಪೆಟ್ಟು ತಿಂದ ಪತ್ರಕರ್ತರೊಬ್ಬರು ಸ್ವಸರಕಾರದ ಕಟ್ಟಳೆಗೆ ಜೊತೆಯಾಗಬೇಕಾಯಿತೆಂಬುದನ್ನು, ಅವರ ಮೇಲಿನ ಗೌರವಕ್ಕೆ ಎಳ್ಳಷ್ಟೂ ಕುಂದು ತಾರದೆ, ಹೇಳಲೇಬೇಕು. ಅಂಥವರಿಗೇ ಈ ಗತಿಯಾದರೆ ಸಾಮಾನ್ಯ ನೌಕರನ ಪಾಡೇನು?

ದಿಲ್ಲಿಯ ಮಾತು ಹಾಗಿರಲಿ. ನಮ್ಮ ಸಮೀಪಕ್ಕೆ ಬರೋಣ. ಹಾನಗಲ್ಲ ತಾಲೂಕಿನ ಆಡೂರನ್ನೇ ತೆಗೆದುಕೊಳ್ಳಿರಿ. ಚಾಲುಕ್ಯರ ಕಾಲದ ಶಾಸನವುಳ್ಳ ಪುರಾತನ ಗ್ರಾಮವದು. ಅಂದಿನವರು ದಾನದ ವಿವರವನ್ನು ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿದರು. ಇಂದಿನ ದಾನವಾದರೋ ಪ್ರಕಟನೆಯ ಕಾಗದದಲ್ಲಿ ಬರುತ್ತದೆ, ಹೋಗುತ್ತದೆ! 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಅಧಿಕಾರವು ಈ ಊರುಗಳಿಗೆ ಹತ್ತಿರ ಬಂದಿರುವದು ನಿಜ. ಆದರೆ ಬೆಳೆವಿಮೆಯ ವಿಷಯವನ್ನು ನೋಡಿರಿ. ಜಿಲ್ಲೆಗೆ ಇಷ್ಟು ಕೋಟಿ ಪರಿಹಾರ ಬಂದಿತೆಂಬ ಪ್ರಕಟನೆಯಿಂದ ಆಡೂರಿನ ರೈತನಿಗೆ ತಿಳಿಯುವದೇನು? ಮುಖ್ಯ ಬೆಳೆಗಳಿಗೆ ಪರಿಹಾರವು ಪಂಚಾಯತಿಯನ್ನು ಘಟಕವಾಗಿ ಹಿಡಿದು, ಆಯ್ದ ಹೊಲಗಳಲ್ಲಿ ಬೆಳೆ ಕಟಾವಿನ ಪ್ರಯೋಗ ಮಾಡಿ ತೆಗೆದ ಇಳುವರಿಯ ಮೇಲೆ ನಿಂತಿರುತ್ತದೆ. ತನ್ನ ಪಂಚಾಯತಿಯಲ್ಲಿ ಯಾವ ಹೊಲದಲ್ಲಿ ಅಳೆದರು, ಎಷ್ಟು ಬಂದಿತು, ಪಕ್ಕದ ಪಂಚಾಯತಿಗೆ ಸಿಕ್ಕದ್ದು ತನಗೇಕೆ ಸಿಗಲಿಲ್ಲ? ಅವನಿಗೆ ಬೇಕಾದ ವಾರ್ತೆ ಇದು.

ಪತ್ರಿಕೆಯಲ್ಲಿ ಪಳಗಿದವನಿಗೆ ಈ ಪ್ರಶ್ನೆಗಳು ತಾವಾಗಿಯೇ ಹೊಳೆಯುವವು; ಹೊಳೆಯಬೇಕು. ಅವನನ್ನು ವಾರ್ತಾ ಕಚೇರಿಗೆ ಕರೆದುಕೊಳ್ಳುವದಕ್ಕೆ ಬೇರೆ ಅರ್ಥವೇ ಇಲ್ಲ. ಮಂತ್ರಿಗಳ ಭಾಷಣವನ್ನು ನಕಲು ಮಾಡಿ ಕಳಿಸುವದಕ್ಕೆ ಒಬ್ಬ ಗುಮಾಸ್ತನು ಸಾಕು. ಕಚೇರಿಯ ಮಾತನ್ನು ಊರಿಗೆ ಮುಟ್ಟಿಸಿದಂತೆ ಊರಿನ ಮಾತನ್ನು ಕಚೇರಿಗೆ ಮುಟ್ಟಿಸುವದೂ, ಅದಕ್ಕೆ ಬಂದ ಉತ್ತರವನ್ನು, ಅದು ಕಹಿಯಾಗಿದ್ದರೂ, ಪ್ರಕಟಿಸುವದೂ ಅವನ ಕರ್ತವ್ಯವಾಗಬೇಕು. ಮೇಲಿನವರ ಮುನಿಸು ಇದರಲ್ಲಿ ತಪ್ಪದು. ಆದರೆ ಕಾಯದೆಯು ಅವನ ಪಕ್ಷದಲ್ಲಿರುವದು. 2005ರ ಮಾಹಿತಿ ಹಕ್ಕಿನ ಕಾಯದೆಯ 4ನೆಯ ಕಲಮಿನಂತೆ, ಜನರು ಅರ್ಜಿ ಹಾಕುವ ವರೆಗೆ ಕಾಯದೆ ಸರಕಾರಿ ಕಚೇರಿಗಳೇ ತಮ್ಮ ಅನೇಕ ಸಂಗತಿಗಳನ್ನು ತಾವಾಗಿ ಹೊರಗಿಡಬೇಕು.

ಆದುದರಿಂದ ಜಿಲ್ಲೆಯ ಅಧಿಕಾರಿಗಳಿಗೆ ನಮ್ಮ ಸೂಚನೆಯಿಷ್ಟೆ: ಬರುವ ಸುಗ್ಗಿಯಿಂದ ಬೆಳೆ ಕಟಾವಿನ ಅಂಕಿಗಳನ್ನು ಪ್ರತಿಯೊಂದು ಪಂಚಾಯತಿಯ ಫಲಕದ ಮೇಲೆ ಕನ್ನಡದಲ್ಲಿ ಬರೆಯಿಸಲಿ, ಪತ್ರಿಕೆಗಳಿಗೆ ಕಳಿಸುವ ಪ್ರಕಟನೆಯಲ್ಲಿ ಪರಿಹಾರದ ಮೊತ್ತದ ಕೆಳಗೆ, ಇತ್ಯರ್ಥವಾಗದೆ ಉಳಿದ ತಕರಾರುಗಳ ಸಂಖ್ಯೆಯನ್ನೂ ಕೊಡಲಿ. ಕೊಟ್ಟರೆ ಎರಡನ್ನೂ ಒಂದೇ ಅಂಕಣದಲ್ಲಿ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.