ಓದಿದುದು ತನ್ನದಾಗುವ ಬಗೆ

ಮನೆಯಲ್ಲಿ ಮಗನೋ ಮಗಳೋ ಕನ್ನಡ ಎಂ.ಎ. ತರಗತಿಗೆ ಸೇರಿದರೆ ಹಿರಿಯರಿಗೆ ಮೊದಲು ತೋರುವ ಚಿಂತೆ ಉದ್ಯೋಗದ್ದು. ಅದು ಸಹಜವೇ. ಆದರೆ ಅದಕ್ಕೂ ಮೊದಲು ವಿಚಾರಿಸತಕ್ಕ ಸಂಗತಿಯೊಂದುಂಟು: ಎರಡು ವರ್ಷ ಓದಿದ ಮೇಲೆ, ಹಿಂದೆಂದೂ ಕಾಣದ ಹಳಗನ್ನಡ ಪದ್ಯವೊಂದನ್ನು ತಾನಾಗಿಯೇ ಬಿಡಿಸಿ ಅರ್ಥ ಹೇಳುವ ಶಕ್ತಿ ಆ ವಿದ್ಯಾರ್ಥಿಗೆ ಬಂದಿರುವುದೆ?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೭ರಲ್ಲಿ ಕನ್ನಡ ಎಂ.ಎ. ಆರಂಭವಾದಾಗ ಗ್ರಂಥಗಳು ಇಂದಿನಷ್ಟು ಸುಲಭವಾಗಿ ದೊರೆಯುತ್ತಿರಲಿಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಈಗ ಮೊಬೈಲ್ ಫೋನಿನಲ್ಲಿಯೇ ತೆರೆಯುತ್ತದೆ. ಕಾವ್ಯದ ಸಾರಾಂಶವನ್ನು ಯಂತ್ರವೇ ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಇವೆಲ್ಲ ಉಪಕಾರಗಳೇ, ನಿಂದಿಸಿ ಫಲವಿಲ್ಲ. ಆದರೂ ಸಾರಾಂಶವನ್ನು ಓದಿದ ಮಾತ್ರಕ್ಕೆ ಕಾವ್ಯವನ್ನು ಓದಿದಂತಾಗದು.

ಒಂದು ಚಿಕ್ಕ ಉದಾಹರಣೆಯನ್ನು ನೋಡಿರಿ. ಹಳಗನ್ನಡದಲ್ಲಿ 'ಅಱಿ' ಎಂದರೆ ತಿಳಿ. 'ಅರಿ' ಎಂದರೆ ಕತ್ತರಿಸು. ಇಂದಿನ ಬರಹದಲ್ಲಿ ಎರಡೂ ಒಂದೇ ರೂಪವನ್ನು ತಾಳಿವೆ. ಈ ಭೇದವನ್ನರಿಯದವನು ಪದ್ಯದಲ್ಲಿ ಜ್ಞಾನವಿರುವೆಡೆ ಕತ್ತಿಯನ್ನು ಕಂಡಾನು. ಸಂಧಿಯನ್ನು ಬಿಡಿಸಿ, ಪದಗಳನ್ನು ಅನ್ವಯಿಸಿ, ಸಂಶಯ ಬಂದೆಡೆ ನಿಘಂಟನ್ನು ತೆರೆದು ನೋಡುವ ಅಭ್ಯಾಸವು ಕೈಗೆ ಹತ್ತಬೇಕಾದರೆ ತಾನೇ ದುಡಿಯಬೇಕು. ಇಂದಿನ ವಿದ್ಯಾರ್ಥಿಯೇ ನಾಳಿನ ಉಪಾಧ್ಯಾಯ. ಅವನ ಕೈಯಲ್ಲಿ ಈ ವಿದ್ಯೆ ಕಡಿದುಹೋದರೆ ಅವನ ಶಿಷ್ಯರಿಗೆ ದೊರೆಯುವುದಾದರೂ ಏನು?

"ಎಷ್ಟು ಓದಿದರೂ ನಿಲ್ಲುವುದಿಲ್ಲ" ಎಂಬುದು ವಿದ್ಯಾರ್ಥಿಗಳ ಸಾಮಾನ್ಯವಾದ ದೂರು. ಇದಕ್ಕೆ ಮನಶ್ಶಾಸ್ತ್ರಜ್ಞರು ಒಂದು ಉಪಾಯವನ್ನು ಪರೀಕ್ಷಿಸಿ ತೋರಿಸಿರುವರು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಓದಲು ಕೊಟ್ಟರು. ಒಂದು ಭಾಗವನ್ನು ಎರಡನೆಯ ಸಲವೂ ಓದಿಸಿದರು. ಇನ್ನೊಂದನ್ನು, ಪುಸ್ತಕವನ್ನು ನೋಡದೆ, ನೆನಪಿದ್ದಷ್ಟು ಬರೆಯಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ ಭಾಗವೇ ಮುಂದಾಗಿತ್ತು: ನೂರಕ್ಕೆ ೮೧, ನೆನೆದು ಬರೆದುದು ೭೫. ಒಂದು ವಾರ ಕಳೆಯಲು ಫಲವು ತಲೆಕೆಳಗಾಯಿತು: ಓದಿದ್ದು ೪೨, ನೆನೆದು ಬರೆದುದು ೫೬. ಮತ್ತೆ ಮತ್ತೆ ಓದುವುದರಿಂದ ಬರುವುದು ಪರಿಚಯ. ನೆನೆದು ಹೇಳುವುದರಿಂದ ಉಳಿಯುವುದು ವಿದ್ಯೆ. ಪಾಠವನ್ನು ಒಪ್ಪಿಸುವ ನಮ್ಮ ಹಳೆಯ ಪದ್ಧತಿಯಲ್ಲಿ ಈ ಗುಣವಿತ್ತು. ಅರ್ಥವಿಲ್ಲದ ಬಾಯಿಪಾಠವಾದಾಗ ಮಾತ್ರ ಅದು ಕೆಟ್ಟಿತು.

ಆದುದರಿಂದ ವಿದ್ಯಾರ್ಥಿಯು ದಿನಕ್ಕೊಂದು ಪದ್ಯವನ್ನಾದರೂ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಓದಲಿ. ಮೊದಲು ತನಗೆ ತೋರಿದ ಅರ್ಥವನ್ನು ಬರೆಯಲಿ. ಆ ಬಳಿಕ ನಿಘಂಟು, ಕಡೆಗೆ ವ್ಯಾಖ್ಯಾನ. ಮರುದಿನ ಪುಸ್ತಕವನ್ನು ಮುಚ್ಚಿ ಅದನ್ನೇ ನೆನೆಯಲಿ. ವಾರದ ಮೇಲೆ ಇನ್ನೊಮ್ಮೆ.

ಇದರಲ್ಲಿ ಮನೆಯವರ ಪಾತ್ರವೂ ಉಂಟು. ರಾತ್ರಿಯ ಊಟವಾದ ಮೇಲೆ "ಇಂದು ಓದಿದ ಪದ್ಯದಲ್ಲಿ ಏನಿದೆ, ಹೇಳಮ್ಮ" ಎಂದು ತಾಯಿ ಕೇಳಿದರೆ ಸಾಕು. ಕೇಳುವವರಿಗೆ ಹಳಗನ್ನಡ ಬರಬೇಕೆಂದಿಲ್ಲ. ಅವರಿಗೆ ತಿಳಿಯುವಂತೆ ಹೇಳಲು ಹೊರಟಾಗಲೇ ತನಗೆ ತಿಳಿಯದುದು ಯಾವುದೆಂಬುದು ಆ ಮಗಳಿಗೆ ಗೊತ್ತಾಗುವುದು.