ಹುಡುಗರ ಬಾಯಿಗೆ ಪೊಲೀಸ್ ಕಾವಲು ಬೇಡ

ಕಳಸ, ಮೂಡಿಗೆರೆ ಕಡೆಯ ಹೈಸ್ಕೂಲು ಹುಡುಗರ ಬಾಯಲ್ಲಿ ಈಗ ‘ಸ್ಕೆಚ್ಚು’, ‘ಲಾಂಗು’, ‘ಮಾಲು’, ‘ಡೀಲು’ ಎಲ್ಲ ಸಲೀಸು. 1995ರ ‘ಓಂ’ ಸಿನಿಮಾದಿಂದೀಚೆಗೆ ಬೆಂಗಳೂರಿನ ರೌಡಿಗಳ ಮಾತು ಪರದೆಯ ಮೇಲೇರಿ ಘಟ್ಟ ಹತ್ತಿತು. ಮೊಬೈಲು ಬಂದ ಮೇಲೆ ತೋಟದ ಲೈನ್‌ಮನೆಗೂ ಹೊಕ್ಕಿತು. ಇಂಥ ಮಾತಾಡುವವನು ಕೆಟ್ಟ ಹುಡುಗ ಎಂದು ಷರಾ ಬರೆದುಬಿಡುವ ಹಿರಿಯರ ಅವಸರ ಅನ್ಯಾಯದ್ದು. ಇಂಥ ಮಾತಿಗೂ ದಾರಿ ತಪ್ಪುವುದಕ್ಕೂ ನಂಟೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಲರ್ಮನ್ 1967ರಲ್ಲೇ ನ್ಯೂಯಾರ್ಕಿನ ಎಳೆಯರಲ್ಲಿ ಗುಪ್ತಪದಗಳ ಜ್ಞಾನಕ್ಕೂ ದಾರಿ ತಪ್ಪುವುದಕ್ಕೂ ಸಂಬಂಧ ಗುರುತಿಸಿದ್ದರು. ಆದರೆ ಆ ಸಂಬಂಧ ಹೇಳುವುದು ಹುಡುಗ ಯಾರ ನಡುವೆ ಬೆಳೆಯುತ್ತಿದ್ದಾನೆ ಎಂಬುದನ್ನು. ಅವನು ಏನು ಮಾಡಿದ ಎಂಬುದನ್ನಲ್ಲ. ಗಾಂಜಾ ಮಾರುವ ಓಣಿಯಲ್ಲಿ ಮನೆಯಿದ್ದರೆ, ಅದನ್ನು ಮುಟ್ಟದವನಿಗೂ ಅದರ ಹೆಸರು ಗೊತ್ತಿರುತ್ತದೆ. ಸುಮ್ಮನೆ ಎಳೆದೊಯ್ದು ಠಾಣೆಯ ಬೆಂಚಿನ ಮೇಲೆ ಕೂರಿಸಿದರೆ, ಅಲ್ಲೇ ಇನ್ನೂ ನಾಲ್ಕು ಕಲಿತು ಬರುತ್ತಾನೆ.

ಮಾತನ್ನೇ ಸಾಕ್ಷಿ ಮಾಡಿಕೊಂಡ ಆಡಳಿತ ಎಷ್ಟು ದೂರ ಹೋಗಬಲ್ಲದೆಂಬುದನ್ನು ಈ ನಾಡು ಕಂಡಿದೆ. 1871ರಲ್ಲಿ ಮೊದಲಾದ ಅಪರಾಧಿ ಬುಡಕಟ್ಟು ಕಾಯ್ದೆಗಳ ಕಾಲದಲ್ಲಿ ಕೊರಚ, ಗಂಟಿಚೋರರಂಥ ಸಮುದಾಯಗಳ ಮನೆಮಾತೇ ಕಳ್ಳಭಾಷೆಯಾಯಿತು. ಮುಂಬೈ ಪ್ರಾಂತ್ಯದ ಪೊಲೀಸ್ ಅಧಿಕಾರಿ ಕೆನಡಿ 1908ರ ತಮ್ಮ ಕೈಪಿಡಿಯಲ್ಲಿ ಇಂಥ ಜಾತಿಗಳ ಮಾತಿನ ರೀತಿಯನ್ನೂ ದಾಖಲಿಸಿದರು. ಇಂಥ ಸಮುದಾಯಗಳನ್ನು ಕೂಡಿಹಾಕಿದ್ದ ಹುಬ್ಬಳ್ಳಿಯ ಸೆಟ್ಲ್‌ಮೆಂಟಿನ ತಂತಿಬೇಲಿಯೊಳಗೆ ಹುಟ್ಟಿದ ಕೂಸೂ ಶಂಕಿತನೇ. ಕಾಯ್ದೆ 1952ರಲ್ಲಿ ರದ್ದಾದರೂ ಆ ಬುದ್ಧಿ ರದ್ದಾಗಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿದಾಗ, ಪೊಲೀಸರು ಮುಂದಿಟ್ಟದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳಿದ್ದವು. ಖುಲಾಸೆಯಾಗಲು 2021 ಬರಬೇಕಾಯಿತು. ಪುಸ್ತಕ ಬೇರೆ, ಪೋಲಿಮಾತು ಬೇರೆ, ನಿಜ; ತಿಳಿದದ್ದನ್ನೇ ಮಾಡಿದ್ದೆಂದು ಎಣಿಸುವ ಚಾಳಿ ಮಾತ್ರ ಒಂದೇ.

ಹಾಗಾದರೆ ಕೇಳಿಯೂ ಕೇಳದಂತೆ ಇರಬೇಕೇ ಎಂದು ಮೇಷ್ಟ್ರುಗಳು ಕೇಳುತ್ತಾರೆ. ಖಂಡಿತ ಬೇಡ. ‘ಮಾಲು’ ಎಂದರೆ ಗಾಂಜಾ ಎಂದು ಮೇಷ್ಟ್ರಿಗೂ ಗೊತ್ತಿರಬೇಕು, ಗೊತ್ತಿದ್ದು ಹುಡುಗನನ್ನು ಪಕ್ಕಕ್ಕೆ ಕರೆದು ಎಲ್ಲಿ ಕೇಳಿದೆ, ಯಾರು ತಂದುಕೊಡುತ್ತಾರೆ ಎಂದು ವಿಚಾರಿಸಬೇಕು. ಬಾಯಿ ಬಿಟ್ಟರೆ ಟಿಸಿ ಕೊಟ್ಟು ಕಳಿಸುತ್ತಾರೆಂಬ ಭಯವಿದ್ದರೆ ಅವನು ಯಾಕೆ ಹೇಳುತ್ತಾನೆ? ಮಾರುವವನಿಗೆ ಬೇಕಿರುವುದೂ ಆ ಮೌನವೇ. ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ: 2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್, ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಯಲ್ಲಿ ಆರೋಪದ ಧಾಟಿಯ ಪದ ಬಳಸಬಾರದೆಂದು ದೊಡ್ಡವರ ನಾಲಿಗೆಗೇ ಲಗಾಮು ಹಾಕಿದೆ. ಹುಡುಗರ ಮೇಲೆ ನಿಗಾ ಇಡಲೇಬೇಕೆಂದಿದ್ದರೆ ಶಾಲೆಗಳು ಹಾಜರಿ ಪುಸ್ತಕ ತೆರೆಯಲಿ. ಕಾಫಿ ಕೊಯ್ಲು ಶುರುವಾದ ಮೇಲೆ ಯಾರ ಹೆಸರಿನ ಮುಂದೆ ವಾರಗಟ್ಟಲೆ ಗೈರು ಬಿದ್ದಿದೆ ನೋಡಿ, ಆ ಲೈನ್‌ಮನೆಗೆ ಒಬ್ಬರು ಹೋಗಿ ಬರಲಿ.